ಮಣಿಕಟ್ಟಿನ ಅಕ್ಷರಗಳು

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮೊಮ್ಮಗಳು ಪ್ರಾಪ್ತಿಯ ಬಲಗೈ ಮಣಿಕಟ್ಟಿನಲ್ಲಿ ಬ್ಯಾಂಡೇಜು ಕಂಡೆ.

“ಇದೇನು ಮಗಾ?”

“ದೋಸೆ ಕಾವಲಿ ತಾಗಿತು ಅಜ್ಜಿ. ಜಸೀಲಾನ ಮನೆಯಲ್ಲಿ.”

ಜಸೀಲಾ ಅವಳ ಪಿಯುಸಿ ಸಹಪಾಠಿ. ಸೋಮವಾರದ ಪ್ರಿಪರೇಟರಿ ಪರೀಕ್ಷೆಗೆ ಒಟ್ಟಿಗೆ ಓದುತ್ತೇವೆಂದು ಪ್ರಾಪ್ತಿ ಶನಿವಾರ ವಿಟ್ಲಕ್ಕೆ, ಅವಳ ಮನೆಗೆ ಹೋಗಿ ಅಲ್ಲೇ ಉಳಿದಿದ್ದಳು. ಬೆಳಿಗ್ಗೆ ಬಂದವಳು ಪುಸ್ತಕ ಮುಟ್ಟಲಿಲ್ಲ. ನೇರ ಮನೆಯ ಹಿಂದಿನ ಗೇರುಮರದ ಹತ್ತಿರ ಹೋಗಿ ತುಂಬಾ ಹೊತ್ತು ಏನೋ ಮಾಡುತ್ತಿದ್ದಳು.

ಅವಳು ಮಲಗಿದಾಗ ಬಗ್ಗಿ ನೋಡಿದೆ. ಕಾವಲಿಯ ಸುಟ್ಟಗಾಯ ಕೆಂಪಗಿರುತ್ತದೆ. ಇಲ್ಲಿ ಬ್ಯಾಂಡೇಜಿನ ಅಂಚಿನಲ್ಲಿ ಚರ್ಮ ಕಪ್ಪಿಟ್ಟಿತ್ತು. ಹಸಿ ಗೇರುಬೀಜದ ಸೊನೆ ತಾಗಿದರೆ ಹಾಗಾಗುವುದು. ನಾವು ಹುಡುಗಿಯರಿದ್ದಾಗ ಕಡ್ಡಿಯನ್ನು ಸೊನೆಗೆ ಅದ್ದಿ ಕೈಮೇಲೆ ಹೆಸರು ಬರೆಯುತ್ತಿದ್ದೆವು. ಚರ್ಮ ಸುಲಿದರೂ ಅಕ್ಷರ ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲ. ನನ್ನ ವಾರಗೆಯ ಪದ್ಮಾಕ್ಷಿ ಒಬ್ಬನ ಹೆಸರು ಬರೆದುಕೊಂಡು ಇನ್ನೊಬ್ಬನನ್ನು ಮದುವೆಯಾದವಳು.

ಇವಳು ಯಾವನ ಹೆಸರು ಬರೆದಳೋ! ವಿಟ್ಲದಲ್ಲಿ ಓದಿದ್ದು ನಿಜವೋ, ಆ ಜಸೀಲಾಳೇ ಇದಕ್ಕೆಲ್ಲ ದಾರಿ ತೋರಿಸಿದವಳೋ? ಪರೀಕ್ಷೆಯ ಹಿಂದಿನ ದಿನ ಬೇಡವೆಂದು ಪ್ರಾಪ್ತಿಯ ತಾಯಿ ಶಶಿಪ್ರಭಾಳಿಗೆ ಹೇಳಲಿಲ್ಲ. ಆದರೆ ಹುಡುಗಿ ಫೋನು ಹಿಡಿದಾಗಲೆಲ್ಲ ನನ್ನ ಕಣ್ಣು ಅತ್ತಲೇ.

ಸೋಮವಾರ ಹನ್ನೊಂದಕ್ಕೆ ಮೆಲ್ಕಾರಿನಲ್ಲಿರುವ ಪ್ರಾಪ್ತಿಯ ಕಾಲೇಜಿನಿಂದ ನನಗೆ ಫೋನು ಬಂತು. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಶಶಿಪ್ರಭಾ ಎತ್ತಲಿಲ್ಲವಂತೆ. ಕಲ್ಲಡ್ಕದಿಂದ ರಿಕ್ಷಾ ಹಿಡಿದು ಹೋದೆ.

ಪ್ರಿನ್ಸಿಪಾಲರ ಮೇಜಿನ ಮೇಲೆ ಅರ್ಧ ಬರೆದ ಉತ್ತರಪತ್ರಿಕೆ. ಪಕ್ಕದಲ್ಲಿ ಬಿಚ್ಚಿದ ಬ್ಯಾಂಡೇಜು. ಪ್ರಾಪ್ತಿ ಅಳುತ್ತ ನಿಂತಿದ್ದಳು.

“ನೋಡಿ ಅಜ್ಜಿ,” ಎಂದರು ಕೆಮಿಸ್ಟ್ರಿಯ ಶಂಕರಿ ಮೇಡಂ, ಅವಳ ಕೈ ಎತ್ತಿ. ಕಪ್ಪಿಟ್ಟ ಚರ್ಮದ ನಡುವೆ ನೇರಳೆ ಬಣ್ಣದಲ್ಲಿ ‘ಬಿ 417’ ಎಂದಿತ್ತು. “ಒಂದು ಅಂಕದ ಪ್ರಶ್ನೆಗಳ ಉತ್ತರದ ಗುರುತು. ಕಾಪಿಗೆ ಈಗ ಹೊಸ ಹೊಸ ಉಪಾಯ. ಕೇಳಿದ್ರೆ ಕಾವಲಿ ತಾಗಿದ್ದಂತೆ.”

“ಕಾವಲಿ ಹೌದಾ ಅಜ್ಜಿ?” ಪ್ರಿನ್ಸಿಪಾಲ್ ನಾರಾಯಣಮೂರ್ತಿ ಕೇಳಿದರು. “ಕಾಪಿ ಅಂತಾದ್ರೆ ಫೈನಲಿನ ಹಾಲ್ ಟಿಕೆಟ್ ನಾನು ತಡೀಬೇಕಾಗ್ತದೆ.”

ಹೆಸರಲ್ಲ, ಅಂಕಿ! ಆ ಸಮಾಧಾನದಲ್ಲಿ ಬಾಯಿ ಜಾರಿತು. “ಕಾವಲಿ ಅಲ್ಲ. ಗೇರುಬೀಜದ ಸೊನೆ. ಅದರಲ್ಲಿ ನಾವೂ ಬರೀತಿದ್ದೆವು.”

“ಬರೆದದ್ದೇ ಅಂತಾಯ್ತಲ್ಲ!” ಎಂದರು ಮೇಡಂ.

ಪ್ರಾಪ್ತಿ ನನ್ನನ್ನು ನೋಡಿದ ನೋಟವನ್ನು ಹೇಳಲಾರೆ. “ಬರೆದದ್ದಲ್ಲ ಸರ್, ಅಳಿಸಿದ್ದು,” ಎಂದಳು. “ಶನಿವಾರ ರಾತ್ರಿ ಮೂಡುಬಿದಿರೆಯಲ್ಲಿ ಒಂದು ಬ್ಯಾಂಡಿನ ಹಾಡಿನ ಕಾರ್ಯಕ್ರಮ ಇತ್ತು. ಗೇಟಿನಲ್ಲಿ ಕೈಗೆ ನಂಬರಿನ ಸೀಲ್ ಹಾಕಿದ್ರು. ಸೋಪಿಗೆ ಹೋಗಲಿಲ್ಲ. ಮನೆಯಲ್ಲಿ ಗೊತ್ತಾದ್ರೆ ಅಂತ ಹೆದರಿ, ಚರ್ಮದೊಟ್ಟಿಗೆ ಸುಲಿದು ಹೋಗಲಿ ಅಂತ ಸೊನೆ ಉಜ್ಜಿದೆ.”

“ಫೋಟೋ ಉಂಟಾ?” ಪ್ರಿನ್ಸಿಪಾಲರು ಕೇಳಿದರು.

“ಇತ್ತು. ಎಲ್ಲ ಡಿಲೀಟ್ ಮಾಡಿದೆ.”

ಮೇಡಂ ನಕ್ಕರು. “ಜೊತೆಗೆ ಯಾರಿದ್ರು?”

ಹೆಸರು ನನಗೆ ಗೊತ್ತಿತ್ತು. “ಜಸೀಲಾ,” ಎಂದೆ.

ಪರೀಕ್ಷೆಯ ಕೋಣೆಯಿಂದ ಜಸೀಲಾಳನ್ನು ಕರೆಸಿದರು. ಅವಳು ನಮ್ಮೆಲ್ಲರ ಮುಖ ನೋಡಿದಳು. ಈಗ ಹೇಗೆ ಜಾರಿಕೊಳ್ಳುತ್ತಾಳೆಂದು ನಾನು ಕಾದೆ. ಶನಿವಾರ ಎಲ್ಲಿಗೆ ಹೋಗಿದ್ದಿರೆಂದು ಪ್ರಿನ್ಸಿಪಾಲರು ಕೇಳಿದ್ದೇ ತಡ, ಅವಳು ಉದ್ದ ತೋಳನ್ನು ಮೇಲೇರಿಸಿದಳು. ಮಾಸಿದ ನೇರಳೆಯಲ್ಲಿ ‘ಬಿ 418’.

“ತೆಂಗಿನೆಣ್ಣೆ ಹಚ್ಚಿದ್ರೆ ಹೋಗ್ತದೆ ಅಂತ ಉಮ್ಮ ಹೇಳಿದ್ರು ಸರ್. ನನಗೆ ಹಚ್ಚಲಿಕ್ಕೆ ಉದಾಸೀನ.”

“ನಿನ್ನ ತಾಯಿಗೆ ಗೊತ್ತುಂಟಾ?”

“ಉಮ್ಮನೇ ಕರ್ಕೊಂಡು ಹೋದದ್ದು. ಮಧ್ಯಾಹ್ನದ ತನಕ ಓದಿದ್ರೆ ಮಾತ್ರ ಅಂತ ಹೇಳಿದ್ರು, ಓದಿದೆವು. ಅವರ ಕೈಯಲ್ಲಿ 419 ಉಂಟು, ಫೋನ್ ಮಾಡಿ ಬೇಕಾದ್ರೆ.” ಆಮೇಲೆ ಪ್ರಾಪ್ತಿಯ ಕಡೆ ತಿರುಗಿ, ಅವಳ ಕಪ್ಪಿಟ್ಟ ಕೈ ನೋಡಿ, “ಮನೆಯಲ್ಲಿ ಹೇಳಿದ್ದೇನೆ ಅಂದಿಯಲ್ಲ ಮಾರಾಯ್ತಿ! ಸೊನೆ ಯಾರಾದ್ರೂ ಹಚ್ತಾರಾ?”

ಪ್ರಿನ್ಸಿಪಾಲರು ಫೋನು ಮಾಡಿಯೇ ನೋಡಿದರು. ಆಮೇಲೆ ಉತ್ತರಪತ್ರಿಕೆಯನ್ನು ಮುಂದಕ್ಕೆ ತಳ್ಳಿದರು. “ಹೋಗಿ, ಇಬ್ಬರೂ ಬರೀರಿ. ಹೋದ ಸಮಯ ಕೊಡ್ಲಿಕ್ಕಾಗುವುದಿಲ್ಲ.”

ವರಾಂಡದಲ್ಲಿ ನಾನು ಪ್ರಾಪ್ತಿಯ ಹಿಂದೆಯೇ ಹೋದೆ. “ನನಗೊಬ್ಬಳಿಗಾದರೂ ಹೇಳಬಾರದಿತ್ತಾ ಮಗಾ?”

“ಹೇಳಿದ್ರೆ ಬಿಡ್ತಿದ್ರಾ?”

“ಇಲ್ಲ,” ಎಂದೆ.

“ಮತ್ತೆ?” ಎಂದವಳೇ ಕೋಣೆಗೆ ಓಡಿದಳು.

ನಾನು ಹೊರಗೆ ಬೆಂಚಿನಲ್ಲಿ ಕೂತೆ. ಹನ್ನೆರಡಕ್ಕೆ ಶಶಿಪ್ರಭಾಳ ಫೋನು. “ಕಾಲೇಜಿನ ಮಿಸ್ಡ್ ಕಾಲ್ ಉಂಟು. ಏನಾಯ್ತಮ್ಮ?”

ಕಿಟಕಿಯಲ್ಲಿ ಪ್ರಾಪ್ತಿಯ ತಲೆ ಕಾಣುತ್ತಿತ್ತು. ನಾಲ್ಕು ಗೆರೆ ಬರೆಯುವುದು, ಉರಿಯುವ ಕೈಗೆ ಬಾಯಿಯಿಂದ ಗಾಳಿ ಊದುವುದು, ಮತ್ತೆ ಬರೆಯುವುದು.

“ಸಂಜೆ ಬಾ,” ಎಂದೆ. “ಅವಳೇ ಹೇಳ್ತಾಳೆ. ಅಷ್ಟರವರೆಗೆ ನನ್ನನ್ನು ಏನೂ ಕೇಳಬೇಡ.”