ಹುಸೇನಪ್ಪನ ಎಡಗಿವಿ

ಜಟ್ಟೆಪ್ಪನನ್ನು ಪುಣೆಗೆ ಕರೆತಂದವನೇ ಹುಸೇನಪ್ಪ. ಶಹಾಪುರದಿಂದ ತಾನು ಓಡಿಸುತ್ತಿದ್ದ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಬಂದು ಭೋಸರಿಯ ಗ್ಯಾರೇಜೊಂದರ ಎದುರು ಇಳಿಸಿ, ಇವನಿಗೆ ಕೆಲಸ ಕೊಡಿರೆಂದು ಮರಾಠಿಯಲ್ಲಿ ಹೇಳಿ ಹೋಗಿದ್ದ. ಅದಾಗಿ ಇಪ್ಪತ್ತೆರಡು ವರ್ಷ. ಈಗ ಜಟ್ಟೆಪ್ಪನೇ ಆ ಗ್ಯಾರೇಜಿನ ಹಿರಿಯ ಮಿಸ್ತ್ರಿ. ಅವನು ಕೈಯಿಟ್ಟ ಗಾಡಿ ಘಾಟಿಯಲ್ಲಿ ನಿಲ್ಲುವುದಿಲ್ಲ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನು ಏನೂ ಕೇಳಿಸದವನಂತೆ ಕೈ ಒರೆಸಿಕೊಳ್ಳುತ್ತಿದ್ದ. ಒಳಗೆ ಮಾತ್ರ ಹಿಗ್ಗು.

ಹುಸೇನಪ್ಪ ಶಿವಪ್ರಕಾಶರ ಲಾರಿ ಓಡಿಸುತ್ತಿದ್ದ. ಬಾರಾಮತಿಯಿಂದ ಸಕ್ಕರೆ ತುಂಬಿಕೊಂಡು ಲೋಣಾವಳಾ ದಾಟಿ ಬಂದರಿಗೆ ಇಳಿಯಬೇಕು, ಬೇರೆ ಮಾಲು ಹೇರಿಕೊಂಡು ಅದೇ ಘಾಟಿ ಹತ್ತಿ ಬರಬೇಕು. ಒಂದು ಮಧ್ಯಾಹ್ನ ಅವನು ಗ್ಯಾರೇಜಿಗೆ ಬಂದು, ಜಟ್ಟೆಪ್ಪನನ್ನು ಲಾರಿಯ ಹಿಂದಕ್ಕೆ ಕರೆದು, ಸೈಲೆನ್ಸರಿಗೆ ಹೋಗುವ ಹೊಗೆಯ ಬಿಸಿ ತೋರಿಸುವ ಮೀಟರು ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದ. ಏರಿನಲ್ಲಿ ಎಂಜಿನ್ ಎಷ್ಟು ಕಾಯುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಮಾಲಕರು ಒಪ್ಪಿ ಸಾಮಾನೂ ಕೊಡಿಸಿದ್ದಾರೆ. ಮೂವತ್ತು ವರ್ಷ ಮೀಟರಿಲ್ಲದೆ ಓಡಿಸಿದವನಿಗೆ ಈಗೇಕೆ ಎಂದು ಜಟ್ಟೆಪ್ಪ ನಕ್ಕ. ಹುಸೇನಪ್ಪ ನಗಲಿಲ್ಲ.

"ಎಂಜಿನ್ ಇರೋದು ಎಡಕ್ಕ. ನನ್ನ ಎಡಗಿವಿ ಹೋಗ್ಯಾದ," ಎಂದ. "ಅದು ಏನಂತದ ಅಂತ ಕೇಳಸವಲ್ದು. ಕಣ್ಣಿಗರೆ ಕಾಣ್ಲಿ. ಮನ್ಯಾಗ ಯಮನವ್ವಗ ಬಿಟ್ಟರ ನಿನಗೊಬ್ಬಗ ಹೇಳೀನಿ."

ಜಟ್ಟೆಪ್ಪ ಅವನ ತೋಳು ಹಿಡಿದು, ಈ ಮಾತು ತನ್ನಲ್ಲೇ ಉಳಿಯುತ್ತದೆ ಎಂದ. ಹಾಗೆಂದಾಗ ಅದು ನಿಜವೇ ಆಗಿತ್ತು.

ಕೆಲಸವೇನೂ ದೊಡ್ಡದಲ್ಲ. ಎಂಜಿನ್ನಿನ ಹೊಗೆಯೆಲ್ಲ ಬಂದು ಕೂಡುವ ಬೀಡುಕಬ್ಬಿಣದ ಕೊಳವೆಗೆ ತೂತು ಕೊರೆದು, ತೂತಿನೊಳಗೆ ತಿರುಪಿನ ಗೆರೆ, ಅಂದರೆ ಥ್ರೆಡ್ ಹಾಕಿ, ಬಿಸಿ ಅಳೆಯುವ ಪೆನ್ಸಿಲ್ಲಿನಂಥ ಒಂದು ಕಡ್ಡಿಯನ್ನು ಅದರಲ್ಲಿ ಕೂರಿಸಬೇಕು. ಆದರೆ ಆ ಕೊಳವೆಯ ತುದಿಯಲ್ಲೇ ಟರ್ಬೋ ಇದೆ. ಹೊಗೆಯ ರಭಸಕ್ಕೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರ. ಒಳಗೆ ಬಿದ್ದ ಚೂರು ಸೀದಾ ಅದರ ರೆಕ್ಕೆಗೆ ಬಡಿಯುತ್ತದೆ. ಆದ್ದರಿಂದ ಮೊದಲು ಟರ್ಬೋ ಬಿಚ್ಚಿ ಪಕ್ಕಕ್ಕಿಡಬೇಕು. ಬೋಲ್ಟುಗಳು ತುಕ್ಕು ಹಿಡಿದಿದ್ದವು. ಎಷ್ಟು ಹೊತ್ತಾದರೂ ಆಗಲಿ, ಅವಸರವಿಲ್ಲ ಎಂದು ಹುಸೇನಪ್ಪನೇ ಹೇಳಿದ್ದ. ಆದರೆ ಸುತ್ತ ನಾಲ್ಕು ಜನ ಡ್ರೈವರುಗಳು ನಿಂತಿದ್ದರು. ಬಿಚ್ಚದೆಯೇ ಒಂದು ತಾಸಿನಲ್ಲಿ ಮುಗಿಸಿ ತೋರಿಸುತ್ತೇನೆ ಎಂದು ಜಟ್ಟೆಪ್ಪ ಅವರೆದುರು ಅಂದುಬಿಟ್ಟ.

ಡ್ರಿಲ್ಲಿನ ತುದಿಗೆ ಗ್ರೀಸ್ ಮೆತ್ತಿ ಕೊರೆದ. ಪುಡಿಯೆಲ್ಲ ಗ್ರೀಸಿಗೇ ಅಂಟಿ ಹೊರಬಂತು. ಥ್ರೆಡ್ ಹಾಕುವ ಟ್ಯಾಪ್ ಎಂಬ ಹಲ್ಲುಹಲ್ಲಿನ ಉಕ್ಕಿನ ಕಡ್ಡಿಯನ್ನು ತಿರುಗಿಸುವಾಗ ಕೈಗೆ ಸಣ್ಣದೊಂದು ಅದುರು ತಾಗಿತು. ಹೊರಗೆ ತೆಗೆದು ನೋಡಿದರೆ ಅದರ ಒಂದು ಹಲ್ಲು ಇರಲಿಲ್ಲ. ಅಕ್ಕಿನುಚ್ಚಿನಷ್ಟು ಉಕ್ಕು. ಅಯಸ್ಕಾಂತದ ಕಡ್ಡಿಯನ್ನು ತೂತಿನಲ್ಲಿ ಎರಡು ಸಲ ಆಡಿಸಿದ. ಏನೂ ಬರಲಿಲ್ಲ. ನೆಲ ನೋಡಿದ, ಅಲ್ಲೂ ಕಾಣಲಿಲ್ಲ. ಅಷ್ಟರಲ್ಲಿ ಹುಸೇನಪ್ಪ ಎರಡು ಕಪ್ ಚಹಾ ಹಿಡಿದು ಬಂದು, ಆಯಿತೇ ಎಂದು ಕೇಳಿದ. ಆಯಿತು ಎಂದ ಜಟ್ಟೆಪ್ಪ. ಹಲ್ಲು ಹೊರಗೇ ಎಲ್ಲೋ ಸಿಡಿದಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಎಂಜಿನ್ ಶುರುವಾಗಿ ಮೀಟರಿನ ಮುಳ್ಳು ಏಳತೊಡಗಿದಾಗ ಹುಸೇನಪ್ಪನ ಮುಖ ಅರಳಿದ್ದನ್ನು ಅವನು ಕಣ್ಣೆತ್ತಿ ನೋಡಲಿಲ್ಲ.

ನಾಲ್ಕನೆಯ ದಿನ ಲಾರಿ ಖಂಡಾಳಾದ ಏರಿನಲ್ಲಿ ಕಪ್ಪು ಹೊಗೆ ಕಾರಿ ನಿಂತಿತು. ಎಳೆದು ತಂದರು. ಜಟ್ಟೆಪ್ಪ ಒಬ್ಬನೇ ಕೂತು ಟರ್ಬೋ ಬಿಚ್ಚಿದ. ಚಕ್ರದ ಮೂರು ರೆಕ್ಕೆ ಮುರಿದಿದ್ದವು, ಉಳಿದವುಗಳ ಅಂಚು ಹೆರೆದುಹೋಗಿತ್ತು. ಕವಚದ ಒಂದು ಮೂಲೆಯಲ್ಲಿ ಆ ಹಲ್ಲು ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

ಶಿವಪ್ರಕಾಶರು ಬಂದರು. ದನಿಯೇರಿಸಿ ಮಾತಾಡುವವರಲ್ಲ. ಮುಳ್ಳು ಒಮ್ಮೆಯೂ ಕೆಂಪು ಗೆರೆ ದಾಟಿರಲಿಲ್ಲ ಎಂದು ಹುಸೇನಪ್ಪ ಮತ್ತೆ ಮತ್ತೆ ಹೇಳುತ್ತಿದ್ದ. ಅವರು ಜಟ್ಟೆಪ್ಪನನ್ನು ಪಕ್ಕಕ್ಕೆ ಕರೆದು, ಹೊಸ ಮೀಟರಿದ್ದೂ ಹೀಗೇಕಾಯಿತು ಎಂದು ಕೇಳಿದರು. ಹೇಳಬೇಕಾದ್ದು ಜೇಬಿನಲ್ಲೇ ಇತ್ತು.

"ಅವ ಮೀಟರ್ ಸುಮ್ನ ಹಾಕ್ಸಿಲ್ರಿ," ಎಂದ ಜಟ್ಟೆಪ್ಪ. "ಅವನ ಎಡಗಿವಿ ಕೇಳಸಂಗಿಲ್ರಿ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹುಸೇನಪ್ಪ ಅಷ್ಟು ದೂರದಲ್ಲಿ ನಿಂತು ತಮ್ಮಿಬ್ಬರನ್ನೇ ನೋಡುತ್ತಿದ್ದದ್ದು ಅವನ ನೆನಪಿನಲ್ಲಿ ಉಳಿಯಿತು.

ಕಿವಿ ಕೇಳದವನ ಕೈಗೆ ಗಾಡಿ ಕೊಡಲಾಗದು ಎಂದು ಮಾಲಕರು ಅಲ್ಲೇ ಕೀಲಿ ವಾಪಸ್ಸು ಪಡೆದರು. ಹುಸೇನಪ್ಪ ಕ್ಯಾಬಿನ್ನಿನಿಂದ ತನ್ನ ಚಾದರ, ಬುತ್ತಿಡಬ್ಬಿ ಇಳಿಸಿಕೊಂಡು ಜಟ್ಟೆಪ್ಪನ ಬಳಿ ಬಂದ. ಬೈಯುತ್ತಾನೆ ಎಂದು ಜಟ್ಟೆಪ್ಪ ಕಾದ. ಬೈದಿದ್ದರೆ ಒಳ್ಳೆಯದಿತ್ತು.

"ನೀ ಹೇಳಿದ್ದು ಚಲೋನ ಆತು," ಎಂದ ಹುಸೇನಪ್ಪ. "ನಾ ಮುಚ್ಚಿಡಬಾರದಿತ್ತು. ಸಪ್ಪಳ ಮೊದ್ಲ ಬಂದಿರಬೇಕು, ನನಗ ಕೇಳಿಲ್ಲ."

ಜಟ್ಟೆಪ್ಪ ತಲೆಯಾಡಿಸಿದ. ಅಷ್ಟೇ ಮಾಡಿದ್ದು.

ಇಪ್ಪತ್ತು ದಿನ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವನು ಕಾಸರವಾಡಿಯಲ್ಲಿದ್ದ ಹುಸೇನಪ್ಪನ ಒಂದೇ ಕೋಣೆಯ ಖೋಲಿಗೆ ಹೋದ. ಹುಸೇನಪ್ಪ ನಲ್ಲಿಯ ಸಾಲಿನಲ್ಲಿ ನಿಂತಿದ್ದ. ಯಮನವ್ವ ರೊಟ್ಟಿ ಬಡಿಯುತ್ತಲೇ ಇವನನ್ನು ಕೂರಿಸಿ, ಗಂಡ ಸದ್ಯ ಒಂದು ಕಟ್ಟಡದ ಗೇಟು ಕಾಯುತ್ತಿದ್ದಾನೆ ಎಂದಳು. ಕೆಲಸದ ಚಿಂತೆಯಿಲ್ಲ, ಅವನ ಚಿಂತೆ ಎಂದಳು. ರಸ್ತೆ ದಾಟುವಾಗ ಅವಳ ಕೈ ಹಿಡಿಯುತ್ತಾನಂತೆ. ಒಲೆ ಆರಿಸಿದೆಯಾ, ಯಾರೋ ಬಾಗಿಲು ಬಡಿದರಾ ಎಂದು ಹತ್ತು ಸಲ ಕೇಳುತ್ತಾನಂತೆ. ಚೆನ್ನಾಗಿರುವ ಬಲಗಿವಿಯ ಮೇಲೂ ಅವನಿಗೆ ನಂಬಿಕೆ ಹೋಗಿತ್ತು. ಬೆಟ್ಟ ಇಳಿಯುವಾಗ ಸ್ಟೇರಿಂಗ್ ಮೇಲೆ ಎರಡೇ ಬೆರಳಿಡುತ್ತಿದ್ದ ಮನುಷ್ಯ. ಅವಳು ಕೊಟ್ಟ ನೀರಿನ ಲೋಟವನ್ನು ಜಟ್ಟೆಪ್ಪ ಹಾಗೇ ಕೆಳಗಿಟ್ಟ.

ಹುಸೇನಪ್ಪ ಕೊಡ ಇಳಿಸಿ ಬಂದು ಹೊಸ್ತಿಲ ಮೇಲೆ ಕೂತ. ಜಟ್ಟೆಪ್ಪ ಪಕ್ಕದಲ್ಲೇ ಕೂತು, ತಲೆ ತಗ್ಗಿಸಿ, ದನಿ ತಗ್ಗಿಸಿ ಎಲ್ಲವನ್ನೂ ಹೇಳಿದ. ಟ್ಯಾಪಿನ ಹಲ್ಲು, ಟರ್ಬೋ, ಜೇಬು. ಹೇಳಿ ಮುಗಿಸಿ ಕಣ್ಣೆತ್ತಿದರೆ ಹುಸೇನಪ್ಪ ನಗುಮುಖದಿಂದ ತನ್ನನ್ನೇ ನೋಡುತ್ತಿದ್ದ.

"ಎಡಕ್ಕ ಕುಂತೀಯಪ್ಪ," ಎಂದ. "ಏನೂ ಕೇಳಿಲ್ಲ. ಈ ಕಡಿ ಬಂದು ಜೋರಾಗಿ ಹೇಳು."

ಜಟ್ಟೆಪ್ಪ ಎದ್ದು ಬಲಕ್ಕೆ ಹೋಗಿ ಕೂತ. ಮತ್ತೆ ಮೊದಲಿನಿಂದ, ಜೋರಾಗಿ ಹೇಳಿದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಲ್ಲಿಯ ಬಳಿಯ ಹೆಂಗಸರು ಇತ್ತ ತಿರುಗಿದರು. ಹಲ್ಲು ಸಿಕ್ಕಿದ್ದೂ ಸುಮ್ಮನಿದ್ದೆ ಎಂಬಲ್ಲಿಗೆ ಬಂದಾಗ ಅವನ ಮುಖ ಕಾದ ಹಂಚಿನಂತಾಗಿತ್ತು. ಆದರೂ ನಿಲ್ಲಿಸಲಿಲ್ಲ.

ಹುಸೇನಪ್ಪ ಹೊಸ್ತಿಲಿನಿಂದ ಎದ್ದು ನಿಂತ.

"ಹಲ್ಲು ಬಿದ್ದದ್ದು ಕೈ ತಪ್ಪು," ಎಂದ. "ಅದು ಯಾರಿಗರೆ ಆಗ್ತದ. ನಾ ನಿನ್ನ ನಂಬಿ ಹೇಳಿದ ಮಾತು ತಗೊಂಡು ಆ ತಪ್ಪು ಮುಚ್ಚಿದಿ. ಈಗ ಹೋಗು. ಮಾಲಕರಿಗೂ ಇದನ್ನ ಇಷ್ಟ ಜೋರಾಗಿ ಹೇಳು."

ಮರುದಿನವೇ ಜಟ್ಟೆಪ್ಪ ಶಿವಪ್ರಕಾಶರ ಆಫೀಸಿಗೆ ಹೋಗಿ, ಮೇಜಿನ ಮೇಲೆ ಆ ಚೂರಿಟ್ಟು ಹೇಳಿದ. ಅವರು ಅದನ್ನು ಬೆರಳಿನಿಂದ ಒಮ್ಮೆ ಹೊರಳಿಸಿ ನೋಡಿದರು. ತಮ್ಮ ಗಾಡಿಗಳು ಇನ್ನು ಆ ಗ್ಯಾರೇಜಿಗೆ ಬರುವುದಿಲ್ಲ ಎಂದರು, ಅದೂ ಮೆಲುದನಿಯಲ್ಲೇ. ಹುಸೇನಪ್ಪನನ್ನು ಕಿವಿಯ ಡಾಕ್ಟರರ ಬಳಿ ಕಳಿಸಿದರು. ಬಲಗಿವಿ ಸರಿಯಾಗಿದೆ, ಎಡಕ್ಕೆ ಕೇಳಿಸುವ ಮಿಷನ್ ಹಾಕಿಕೊಂಡು ಓಡಿಸಬಹುದು ಎಂಬ ಚೀಟಿ ಬಂತು. ಘಾಟಿಯ ದಾರಿ ಬಿಟ್ಟು, ಬಯಲುದಾರಿಯ ದೌಂಡದ ಕಡೆಯ ಗಾಡಿಯನ್ನು ಅವನಿಗೆ ಕೊಟ್ಟರು.

ಈಗಲೂ ರಸ್ತೆಯಲ್ಲಿ ಎದುರಾದರೆ ಹುಸೇನಪ್ಪ ಹಾರ್ನ್ ಹೊಡೆಯುತ್ತಾನೆ, ಕೈಯೆತ್ತುತ್ತಾನೆ. ನಿಲ್ಲಿಸುವುದಿಲ್ಲ. ಜಟ್ಟೆಪ್ಪನೂ ಕೈಯೆತ್ತುತ್ತಾನೆ. ಈ ಯುಗಾದಿಗೂ ಪ್ರತಿ ವರ್ಷದಂತೆ ಯಮನವ್ವ ಶೇಂಗಾ ಹೋಳಿಗೆ ಕಟ್ಟಿ ನೆರೆಯವರ ಕೈಯಲ್ಲಿ ಕಳಿಸಿದ್ದಳು. ಅವಳು ಕಳಿಸಿದ್ದು ಗಂಡನಿಗೆ ಗೊತ್ತಿದೆಯೋ ಇಲ್ಲವೋ ಎಂದು ತಂದವರನ್ನು ಕೇಳುವ ಧೈರ್ಯ ಜಟ್ಟೆಪ್ಪನಿಗೆ ಬರಲಿಲ್ಲ.