ಬೇರೆಯವರು ಹಾಸಿದ ಹಾಸಿಗೆ

ನನ್ನ ಗಂಡನಿಗೆ ನಮ್ಮ ಬಳಗದಲ್ಲಿ ಮೈಲಿಗಲ್ಲು ಎಂದೇ ಹೆಸರು. ಬಿಸ್ಕತ್ತು ಕಾರ್ಖಾನೆಗಳಿಗೆ ಹೋಗಿ ಒಲೆಯ ಯಂತ್ರ ಜೋಡಿಸಿಕೊಟ್ಟು ಬರುವುದು ಅವರ ಕೆಲಸ. ಕರೆದ ಕಡೆಗೆಲ್ಲ ವಿಮಾನದಲ್ಲಿ ಹಾರಬೇಕು. ಹಾರಿದಷ್ಟೂ ವಿಮಾನದ ಕಂಪನಿಯವರು ಇವರ ಹೆಸರಿಗೆ ಮೈಲಿ ಸೇರಿಸುತ್ತಾರೆ, ಕೂಡಿಟ್ಟರೆ ಅದಕ್ಕೆ ಬಿಟ್ಟಿ ಟಿಕೆಟ್ಟೋ ಸಾಮಾನೋ ಸಿಗುತ್ತದೆ. ಆ ಮೈಲಿಗಳ ವಿಷಯದಲ್ಲಿ ಮಾತ್ರ ಇವರು ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಮನೆಯ ಮಿಕ್ಸರ್ ಸುಟ್ಟುಹೋದಾಗ, ಮೈಲಿ ಕೊಟ್ಟರೆ ಹೊಸದು ಬರುತ್ತದಂತೆ ಎಂದೆ. ಕೊಡಲಿಲ್ಲ. ನಾದಿನಿಯ ಮಗಳು ಪ್ರವಾಸಕ್ಕೆ ಕೇಳಿದಳು. ಅವಳಿಗೂ ಇಲ್ಲ. "ಅದಕ್ಕೆ ಬೇರೆ ಕೆಲಸ ಇದೆ" ಎನ್ನುವರು. ಯಾವ ಕೆಲಸ ಎಂದು ಕೇಳಿದರೆ ಮೀಸೆಯಲ್ಲೇ ನಗು.

ನನ್ನದು ದೊಡ್ಡದೊಂದು ಹೋಟೆಲಿನಲ್ಲಿ ಕೋಣೆಗಳ ಉಸ್ತುವಾರಿ. ಕೈಕೆಳಗಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಇಸ್ತ್ರಿ ಮೇಡಂ ಎನ್ನುತ್ತಾರೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ, ಪಾಪ. ನಾನೂ ಹಾಸಿಗೆ ಹಾಸುವವಳಾಗಿಯೇ ಸೇರಿದವಳು. ಈಗಲೂ ಯಾರಾದರೂ ರಜೆ ಹಾಕಿದರೆ ತೋಳು ಮಡಚಿ ನಾನೇ ಇಳಿಯುತ್ತೇನೆ. ಬೆಡ್‌ಶೀಟನ್ನು ಒದರಿ, ಎಳೆದು, ಮೂಲೆಯನ್ನು ಲಕೋಟೆಯ ಹಾಗೆ ಮಡಚಿ ಅಡಿಗೆ ಸಿಕ್ಕಿಸಿದೆನೆಂದರೆ ಅದರ ಮೇಲೆ ಒಂದು ಗೆರೆ ಕಾಣಿಸಬಾರದು. ಹಾಸಿ ಮುಗಿಸಿದ ಹಾಸಿಗೆಯ ಮೇಲೆ ಕೂರಕೂಡದು, ಕೈ ಕೂಡ ಊರಕೂಡದು ಎಂಬುದು ನಾವು ಮೊದಲ ದಿನವೇ ಕಲಿಯುವ ಪಾಠ. ಸೊಂಟ ಬಿದ್ದುಹೋಗುತ್ತಿದ್ದರೂ ಗೋಡೆಗೆ ಒರಗಬೇಕು. ಬಿಳಿ ಬೆಡ್‌ಶೀಟ್ ಕಂಡರೆ ಅದು ಗಿರಾಕಿಯದು, ನಮ್ಮದಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದೂ ಬಿಳಿಯದಿಲ್ಲ, ಎಲ್ಲ ಹೂವಿನವು.

ಆ ಹೂವಿನವನ್ನು ಹಾಸುವವಳೂ ನಾನೇ. ಮದುವೆಯಾದ ಹೊಸತರಲ್ಲಿ ಒಂದು ದಿನ ಇವರು ಪ್ರೀತಿಯಿಂದ ಹಾಸಿಗೆ ಹಾಸಿಟ್ಟು ಬಾಗಿಲಲ್ಲಿ ಕಾಯುತ್ತ ನಿಂತಿದ್ದರು. ನಾನು ಅವರ ಕಣ್ಣೆದುರಿಗೇ ಎಲ್ಲವನ್ನೂ ಕಿತ್ತು ಮತ್ತೆ ಹಾಸಿದೆ. ಆಮೇಲೆ ಅವರು ಆ ತಂಟೆಗೆ ಬರಲಿಲ್ಲ.

ಹೀಗಿರುವಾಗ ಐವತ್ತು ದಾಟಿದ ನನ್ನ ತಂಗಿ, ಮದುವೆಯೇ ಬೇಡ ಎಂದು ಹಟ ಹಿಡಿದು ದೂರದ ಊರಲ್ಲಿ ಒಬ್ಬಳೇ ಇದ್ದವಳು, ಫೋನು ಮಾಡಿ "ಅಕ್ಕಾ, ಮದುವೆ ಆಗ್ತಿದ್ದೀನಿ, ಬಾ" ಎಂದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅಲ್ಲಿಗೆ ಹೋಗುವುದೆಂದರೆ ಇಡೀ ದಿನ ವಿಮಾನದಲ್ಲಿ ಕೂರಬೇಕು. ಹೋಟೆಲಿನಲ್ಲಿ ಜನವೋ ಜನ ಎಂಬ ಕಾಲ ಆಗಷ್ಟೇ ಮುಗಿದಿತ್ತು, ನನ್ನ ಬೆನ್ನು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು.

"ಮೈಲಿ ತೆಗೀತೀನಿ. ಬಿಸಿನೆಸ್ ಕ್ಲಾಸಲ್ಲಿ ಕಾಲು ಚಾಚಿ ಮಲ್ಕೊಂಡು ಹೋಗೋಣ" ಎಂದರು ಇವರು.

"ಯಾಕೆ, ಕೂತ್ಕೊಂಡು ಹೋದ್ರೆ ವಿಮಾನ ತಲುಪಲ್ವಾ?"

"ತಲುಪುತ್ತೆ. ಆದ್ರೆ ಬೇರೆಯವರು ಹಾಸಿದ ಹಾಸಿಗೇಲಿ ನೀನು ಒಂದ್ಸಲ ಮಲಗಿ ನಿದ್ದೆ ಮಾಡೋದನ್ನ ನಾನು ನೋಡ್ಬೇಕು ಕಣೇ. ಅದಕ್ಕೇ ಕೂಡಿಟ್ಟಿದ್ದು."

ನಾನು ಬಾಯಿ ಬಿಟ್ಟರೆ ಎದುರಿನವರು ಬಾಯಿ ಮುಚ್ಚಬೇಕು ಎಂದು ಹೆಸರಾದವಳು. ಅವತ್ತು ಎದ್ದು ಹೋಗಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಮಿಕ್ಸರ್ ಕೇಳಿ ಜಗಳವಾಡಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ನಿಲ್ದಾಣದಲ್ಲಿ ವಿಮಾನ ಹತ್ತುವ ನಮ್ಮ ಸರದಿ ಬಂದಾಗ ಇವರು ಹೊಟ್ಟೆ ಹಿಡಿದುಕೊಂಡರು. "ನೀನು ಒಳಗೆ ಹೋಗಿರು, ನಾನು ಟಾಯ್ಲೆಟ್ಟಿಗೆ ಹೋಗಿ ಬರ್ತೀನಿ" ಎಂದರು. ನಂಬಿ ಹೋದೆ. ಸೀಟೆಂದರೆ ಸೀಟೇ ಅಲ್ಲ ಅದು, ಒಂದು ಸಣ್ಣ ಕೋಣೆ. ಪಕ್ಕದ ಸೀಟಿಗೆ ಮಾತ್ರ ಬೋಳುತಲೆಯ ಹಿರಿಯರೊಬ್ಬರು ಬಂದು ಕೂತು ಶೂ ಬಿಚ್ಚಿದರು. "ಅದು ನಮ್ಮ ಯಜಮಾನ್ರದು" ಎಂದೆ. ಅವರು ತಮ್ಮ ಚೀಟಿ ತೋರಿಸಿದರು, ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಉಳಿದ ಪ್ರಯಾಣಿಕರ ಸಾಲು ಒಳಗೆ ಬರತೊಡಗಿತು. ಅದರ ನಡುವೆ ಹೆಗಲಿಗೆ ಚೀಲ ನೇತುಹಾಕಿಕೊಂಡ ಮೈಲಿಗಲ್ಲು! ನನ್ನನ್ನು ನೋಡಿ, ಯಾರೋ ಪರಿಚಯದವರನ್ನು ಕಂಡವರ ಹಾಗೆ ಕೈ ಬೀಸಿ, ಹಿಂದಕ್ಕೆ ನಡೆದೇಬಿಟ್ಟರು.

"ರೀ! ಎಲ್ಲಿಗೆ ಹೋಗ್ತಿದ್ದೀರಾ?"

"ಮೈಲಿ ಒಬ್ಬರಿಗೇ ಸಾಕಾಯ್ತು ಕಣೇ! ಕೂಗ್ಬೇಡ, ಜನ ನೋಡ್ತಾರೆ" ಎನ್ನುತ್ತ ಪರದೆಯ ಆಚೆ ಮರೆಯಾದರು. ಮೊದಲೇ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ವಿಮಾನ ಏರಿ, ಊಟ ಮುಗಿಯುವವರೆಗೂ ಅಲ್ಲೇ ಇತ್ತು.

ಊಟವಾದ ಮೇಲೆ, ಹೊರಗೆ ಇನ್ನೂ ಬಿಸಿಲು ಸುರಿಯುತ್ತಿರುವಾಗಲೇ, ಕಿಟಕಿಗಳನ್ನು ಮುಚ್ಚಿ ದೀಪ ಸಣ್ಣಗೆ ಮಾಡಿದರು. ಗಗನಸಖಿಯೊಬ್ಬಳು ಬಂದಳು. ನನ್ನ ತಂಗಿಯದೇ ವಯಸ್ಸು ಇರಬೇಕು, ಕಣ್ಣ ಕೆಳಗೆ ನೆರಿಗೆ. ಗುಂಡಿ ಒತ್ತಿದಳು, ಸೀಟು ಮಂಚವಾಯಿತು. ಅವಳ ತೋಳಿನ ಮೇಲೆ ಬಿಳಿ ಬೆಡ್‌ಶೀಟ್ ಇತ್ತು.

"ಹಾಸಿಕೊಡ್ತೀನಿ ಮೇಡಂ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ, ಕೊಡಿ ಇಲ್ಲಿ" ಎಂದು ನಾನು ಕಸಿದುಕೊಂಡೇಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟಿನದಲ್ಲ, ಹೊಟ್ಟೆಪಾಡಿನದು, ಅದೂ ಹೋಗುವುದಿಲ್ಲ. ಒದರಿ, ಎಳೆದು, ಮೂಲೆ ಮಡಚಿ ಸಿಕ್ಕಿಸಿದೆ. ದಿಂಬನ್ನು ಎರಡು ಏಟು ಬಡಿದು ನಿಲ್ಲಿಸಿದೆ. ಪಕ್ಕದ ಹಿರಿಯರು ಕಣ್ಣು ಬಿಟ್ಟು ನೋಡುತ್ತಿದ್ದರು.

"ಅಬ್ಬಾ! ನಂದೂ ಹಾಗೇ ಮಾಡಿಕೊಡ್ತೀರೇನಮ್ಮಾ?"

ಮಾಡಿಕೊಟ್ಟೆ. ಅವರು ಧನ್ಯವಾದ ಹೇಳಿ, ಮಲಗಿ, ಗೊರಕೆ ಶುರು ಮಾಡಿದರು. ನಾನು ನನ್ನ ಹಾಸಿಗೆಯ ಪಕ್ಕದಲ್ಲಿ ಕೈಕಟ್ಟಿ ನಿಂತೆ. ಒಂದು ಗೆರೆ ಇಲ್ಲದ ಬಿಳಿ ಹಾಸಿಗೆ, ನಾನೇ ಹಾಸಿ ಮುಗಿಸಿದ್ದು. ಕೂರಲು ಹೋದೆ, ಮಂಡಿ ಮಡಚಲಿಲ್ಲ. ಗದರಲು ಯಾರೂ ಇಲ್ಲ, ಗದರುವವಳು ನಾನೇ ಆಗಿದ್ದೆ. ವಿಮಾನದ ಗೋಡೆಗೆ ಒರಗಿಕೊಂಡೆ. ಇದೇನು ಹುಚ್ಚು ಎಂದು ನನಗೇ ಅನ್ನಿಸಿತು. ಆದರೂ ಕೂರಲಾಗಲಿಲ್ಲ.

ಕೊನೆಗೆ ಪರದೆ ಸರಿಸಿ ಹಿಂದಕ್ಕೆ ಹೋದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಅಲ್ಲಿ ಹೇಳುವಂತೆಯೇ ಇಲ್ಲ. ಇಬ್ಬರು ದಪ್ಪ ಮನುಷ್ಯರ ನಡುವೆ ಇವರು ಮಂಡಿಯನ್ನು ಎದೆಗೆ ಆನಿಸಿಕೊಂಡು, ಕಿವಿಗೆ ಹಾಡು ಸಿಕ್ಕಿಸಿಕೊಂಡು ತಲೆದೂಗುತ್ತಿದ್ದರು. ಮುಖದಲ್ಲಿ ಎಂಥ ಸುಖ!

"ಏಳಿ. ನೀವು ಹೋಗಿ ಮಲಗಿ. ನಾನಿಲ್ಲಿ ಕೂರ್ತೀನಿ."

"ಆಗಲ್ಲ ಹೋಗೇ. ನಿದ್ದೆ ಬರ್ಲಿಲ್ವಾ? ಹಾಸಿಗೆ ಚೆನ್ನಾಗಿಲ್ವಾ?"

"ಚೆನ್ನಾಗಿಲ್ದೆ ಏನು, ನಾನೇ ಹಾಸಿದ್ದೀನಿ."

ಇವರು ಕಿವಿಯಿಂದ ಹಾಡು ತೆಗೆದರು. "ನೀನೇ ಹಾಸಿದ್ಯಾ?"

"ಪಕ್ಕದವರಿಗೂ ಹಾಸಿಕೊಟ್ಟೆ."

ಆ ಮುಖ ಇಳಿದುಹೋದದ್ದನ್ನು ನೋಡಬೇಕಿತ್ತು. ನಮ್ಮ ಮನೆಯ ಮನುಷ್ಯ ಕೋಪಿಸಿಕೊಳ್ಳುವವರಲ್ಲ, ಅವತ್ತೂ ಕೋಪಿಸಿಕೊಳ್ಳಲಿಲ್ಲ. "ಇರ್ಲಿ ಬಿಡು" ಎಂದರು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ಕೂಡಿಟ್ಟು, ಕೊನೆಗೆ ನಿನ್ನ ಕೈಲಿ ಇನ್ನೊಂದು ಹಾಸಿಗೆ ಹಾಸಿಸಿದ ಹಾಗಾಯ್ತಲ್ಲೇ" ಎಂದರು.

ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಅಷ್ಟೂ ವರ್ಷದ ಅವರ ಓಡಾಟ, ಕಾರ್ಖಾನೆಗಳ ಶಾಖ, ಒಬ್ಬರೇ ಉಂಡ ಊಟ, ಎಲ್ಲವನ್ನೂ ಸೇರಿಸಿ ನನಗೊಂದು ನಿದ್ದೆ ಕೊಳ್ಳಲು ಹೊರಟವರು. ನಾನು ಅದನ್ನೂ ಕಿತ್ತು ಮತ್ತೆ ಹಾಸಿದ್ದೆ. ತಿರುಗಿ ಮುಂದಕ್ಕೆ ಬಂದೆ.

ಗಗನಸಖಿ ಅಡುಗೆಯ ಗೂಡಿನಲ್ಲಿ ಲೋಟಗಳನ್ನು ಜೋಡಿಸುತ್ತಿದ್ದಳು. ಅವಳ ಮುಂದೆ ಹೋಗಿ ನಿಂತೆ. ಯಾರ ಹತ್ತಿರವೂ ನಾನು ಇಂಥದ್ದು ಕೇಳಿದವಳಲ್ಲ.

"ನನ್ನ ಹಾಸಿಗೆ ಕಿತ್ತು, ನೀವೇ ಒಂದ್ಸಲ ಹಾಸಿಕೊಡ್ತೀರಾ?"

"ಯಾಕೆ ಮೇಡಂ, ಎಷ್ಟು ಚೆನ್ನಾಗಿ ಹಾಸಿದ್ದೀರಿ!"

"ಅದೇ ಆಗಿರೋದು. ನಾನು ಹೋಟೆಲಲ್ಲಿ ಹಾಸಿಗೆ ಹಾಸೋಳು. ನಾನು ಹಾಸಿದ್ದರ ಮೇಲೆ ನನಗೆ ಮಲಗೋಕಾಗ್ತಿಲ್ಲ."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಬನ್ನಿ" ಎಂದಳು.

ಕಿತ್ತಳು, ಮತ್ತೆ ಹಾಸಿದಳು. ದೇವರೇ, ಅದೆಂಥ ಹಾಸುವಿಕೆ! ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ, ನಡುವೆ ಸುಕ್ಕು, ಮೂಲೆಯನ್ನು ಅಡಿಗೆ ತುರುಕಿದ್ದೇ ಮಡಿಕೆ. ನನ್ನ ಹುಡುಗಿಯರು ಹಾಗೆ ಹಾಸಿದ್ದರೆ ಮಹಡಿಯೇ ಹಾರಿಹೋಗುವಂತೆ ಕೂಗುತ್ತಿದ್ದೆ. ನನ್ನ ಕೈ ತಾನಾಗಿಯೇ ಆ ಮೂಲೆಯ ಕಡೆಗೆ ಹೊರಟಿತು. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸೇರಿಸಿಕೊಂಡು ನಿಂತೆ.

"ಆಯ್ತು, ಮಲಗಿ" ಎಂದಳು.

ಕೂತೆ. ಕೂರಲಾಯಿತು. ಕಾಲು ಮೇಲಿಟ್ಟೆ, ತಲೆ ಊರಿದೆ. ಅವಳು ಹೊದಿಕೆಯನ್ನು ಭುಜದವರೆಗೆ ಎಳೆದು, ಚಿಕ್ಕ ಮಗುವಿಗೆ ಮಾಡುವ ಹಾಗೆ ಅಂಚನ್ನು ಒಂದಿಷ್ಟು ಒತ್ತಿ ಹೋದಳು. ನನಗೆ ಅಳು ಬಂತು. ದುಃಖದ ಅಳುವಲ್ಲ. ಅಮ್ಮ ಹೋದಮೇಲೆ ನನಗೆ ಯಾರೂ ಹೊದಿಸಿರಲಿಲ್ಲ, ಹೊದಿಸಲು ಬಂದವರನ್ನು ನಾನು ಬಿಟ್ಟಿರಲಿಲ್ಲ. ಬೆನ್ನ ಕೆಳಗೆ ಸುಕ್ಕು ಒತ್ತುತ್ತಿತ್ತು. ಒತ್ತಲಿ ಎಂದುಕೊಂಡೆ. ಆಮೇಲಿನದು ಗೊತ್ತಿಲ್ಲ.

ಎಚ್ಚರವಾದಾಗ ಕಿಟಕಿಗಳು ತೆರೆದಿದ್ದವು, ವಿಮಾನ ಇಳಿಯುವುದರಲ್ಲಿತ್ತು. ಗಗನಸಖಿ ನೀರು ತಂದುಕೊಟ್ಟಳು.

"ನಿಮ್ಮ ಯಜಮಾನ್ರು ಬಂದಿದ್ರು ಮೇಡಂ. ಪರದೆ ಹತ್ರ ನಿಂತು, ಒಂದ್ಸಲ ನೋಡ್ಲಾ ಅಂದ್ರು. ಎಬ್ಬಿಸ್ತೀನಿ ಅಂದೆ, ಬೇಡ ಬೇಡ ಅಂತ ಕೈ ಮುಗಿದ್ರು. ತುಂಬ ಹೊತ್ತು ನಿಂತಿದ್ರು. ಕಾಲು ನೋಯ್ತಿದೆಯೇನೋ ಅನ್ನಿಸ್ತು, ಸ್ಟೂಲ್ ಕೊಟ್ಟೆ. ಕೂರಲಿಲ್ಲ."

ಎದ್ದು ನಿಂತು ಹಾಸಿಗೆಯ ಕಡೆ ನೋಡಿದೆ. ಬೆಡ್‌ಶೀಟ್ ಮುದ್ದೆಯಾಗಿ ಕಾಲಿನ ಕಡೆ ಬಿದ್ದಿತ್ತು, ದಿಂಬಿನಲ್ಲಿ ನನ್ನ ತಲೆಯ ಗುಳಿ. ಎಷ್ಟೋ ಸಾವಿರ ಹಾಸಿಗೆಗಳಲ್ಲಿ ಇಂಥ ಗುಳಿಯನ್ನು ಬಡಿದು ಅಳಿಸಿದವಳು ನಾನು. ಇದನ್ನು ಮುಟ್ಟದೆ ಹಾಗೇ ಬಿಟ್ಟು, ಗಗನಸಖಿ ಸೀಟು ನೆಟ್ಟಗೆ ಮಾಡಲೆಂದು ಪಕ್ಕಕ್ಕೆ ಸರಿದೆ.

ವಿಮಾನದ ಹೊರಗೆ ಹಾದಿಯಲ್ಲಿ ಕಾದು ನಿಂತೆ. ಇವರು ಕುಂಟುತ್ತ ಬಂದರು. ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು.

"ನಿದ್ದೆ ಬಂತಾ?"

"ಬಂತು ರೀ."

"ಹಾಸಿಗೆ?"

"ಬೇರೆಯವರು ಹಾಸಿದ್ದು" ಎಂದೆ. "ಊರಿಗೆ ವಾಪಸ್ ಹೋದ್ಮೇಲೆ ಮನೇಲಿ ನೀವು ಹಾಸಿ. ನಾನು ನೋಡಲ್ಲ, ಆಚೆ ಹೋಗಿರ್ತೀನಿ."

ಅವರು ಹಾದಿಯ ನಡುವೆಯೇ ನಿಂತುಬಿಟ್ಟರು. ಹಿಂದಿನಿಂದ ಬರುತ್ತಿದ್ದವರು ಗೊಣಗುತ್ತ ಎರಡೂ ಕಡೆಯಿಂದ ದಾಟಿಕೊಂಡು ಹೋದರು.