ಲೀಜಿನ ಬಂಗಲೆ

"ಮೂರನೇ ಮೆಟ್ಲ ಬಿಟ್ಟು ಕಾಲಿಡ್ರಿ, ಹಲಗಿ ಸಡ್ಲ ಆಗ್ಯಾದ!" ಬಾಷುಮಿಯಾ ಕೆಳಗಿನಿಂದ ಕೂಗಿದ.

ಕುರ್ಚಿಯಲ್ಲಿ ಕೂರಿಸಿ ಧೋತರದಿಂದ ಬಿಗಿದಿದ್ದ ಹಂಪಣ್ಣನನ್ನು ನಾಲ್ವರು ಮಹಡಿಯಿಂದ ಇಳಿಸುತ್ತಿದ್ದರು. ಸುರಪುರದ ಹೊರಗೆ, ಗುಡ್ಡದ ಮೇಲೆ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಯ ಮಾದರಿಯಲ್ಲಿ ಕಟ್ಟಿಸಿದ್ದ ಬಂಗಲೆ ಅದು. ಬೆಳಿಗ್ಗೆ ಹಾಲು ತಂದ ಬಾಷುಮಿಯಾನಿಗೆ ಹಂಪಣ್ಣ ಮಹಡಿಯಲ್ಲಿ, ಗೆದ್ದಲು ಹತ್ತದಂತೆ ಮರಕ್ಕೆ ಎಣ್ಣೆ ಬಳಿಯುವ ಬ್ರಷ್ಷು ಕೈಯಲ್ಲಿರುವಂತೆಯೇ ಗೋಡೆಗೊರಗಿ ಕೂತು ತಣ್ಣಗಾಗಿದ್ದು ಕಂಡಿತ್ತು. ಎಂಬತ್ತೊಂದು ವರ್ಷ.

ಪಡಸಾಲೆಯಲ್ಲಿ ಹೆಂಡತಿ ಕಸ್ತೂರಿ ನಿಂತಿದ್ದಳು. ತನ್ನ ತಮ್ಮ ಸಂಗಣ್ಣನ ಟ್ರ್ಯಾಕ್ಟರಿನಲ್ಲಿ ಕೆಂಭಾವಿಯಿಂದ ಬಂದಿದ್ದಳು. ಈ ಮನೆಯೊಳಗೆ ಅವಳು ಮತ್ತೆ ಕಾಲಿಟ್ಟದ್ದು ಇಪ್ಪತ್ತೊಂದು ವರ್ಷದ ಮೇಲೆ. ಗಂಡನ ಹಣೆಗೆ ವಿಭೂತಿ ಹಚ್ಚಿದಳು. ಅಳಲಿಲ್ಲ.

*

ಹಂಪಣ್ಣ ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಮಾಲಿಯಾಗಿದ್ದವನು. ಮೂವತ್ತು ವರ್ಷ ಸಾಹೇಬರ ಅಂಗಳದ ಹುಲ್ಲು ಕತ್ತರಿಸಿದ. ನಿವೃತ್ತಿಯ ವರ್ಷವೇ ಸರಕಾರ ಈ ಬಂಗಲೆಯನ್ನೂ ನಾಲ್ಕು ಎಕರೆ ತೋಟವನ್ನೂ ಲೀಜಿಗೆ ಕೊಡುವ ಸುದ್ದಿ ಬಂತು. ಲೀಜು ಹಿಡಿದವನು ಅಲ್ಲೇ ವಾಸವಿರಬೇಕು, ಕಟ್ಟಡ ಕೆಡದಂತೆ ನೋಡಿಕೊಳ್ಳಬೇಕು, ತೋಟದ ಫಸಲು ಅವನದು. ಯಾರೂ ಮುಂದೆ ಬರಲಿಲ್ಲ. ಹಂಪಣ್ಣ ಬಂದ.

ಕಸ್ತೂರಿ ಮೂರು ತಿಂಗಳು ಇದ್ದಳು. ಕ್ವಾರ್ಟರ್ಸಿನಲ್ಲಿ ಅವಳು ಒಲೆ ಮುಂದೆ ಕೂತೇ ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದಳು. ಇಲ್ಲಿ ಹದಿನಾಲ್ಕು ಖೋಲಿ. ಕೂಗಿದರೆ ತನ್ನ ದನಿಯೇ ತಿರುಗಿ ಬರುತ್ತಿತ್ತು.

"ಮಕ್ಕಳಿಲ್ಲ ಮರಿಯಿಲ್ಲ, ಇಷ್ಟು ದೊಡ್ಡ ಮನಿಯಾಗ ನಾ ಯಾರ ಸಂಗಾಟ ಮಾತಾಡ್ಲಿ?"

"ನಾ ಇಲ್ಲೇನು?"

"ನೀ ಗಿಡದ ಸಂಗಾಟ ಇರ್ತಿ."

 ಮರುದಿನ ಹಂಪಣ್ಣ ಅವಳ ಟ್ರಂಕನ್ನು ತಾನೇ ಹೊತ್ತು ಗುಡ್ಡ ಇಳಿದು, ಅವಳ ತವರೂರು ಕೆಂಭಾವಿಯ ಬಸ್ಸಿಗೆ ಹಾಕಿಕೊಟ್ಟ.

ಆಮೇಲೆ ಪ್ರತಿ ಸಂತೆಯ ದಿನ ಪೇರಲ, ನಿಂಬೆ ಚೀಲದಲ್ಲಿ ತುಂಬಿಕೊಂಡು ಕೆಂಭಾವಿಗೆ ಹೋಗುತ್ತಿದ್ದ. ಮಾರಿ ಉಳಿದದ್ದನ್ನಲ್ಲ, ಮೊದಲು ಆರಿಸಿದ್ದನ್ನು ಅವಳ ಕಟ್ಟೆಯ ಮೇಲೆ ಇಡುತ್ತಿದ್ದ. ಅವಳು ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು. ಮೂರು ಗಂಟೆಯ ಬಸ್ಸಿಗೆ ಅವನು ಏಳುತ್ತಿದ್ದ. ಇರು ಎಂದು ಅವಳು ಅನ್ನಲಿಲ್ಲ, ಬಾ ಎಂದು ಅವನೂ ಅನ್ನಲಿಲ್ಲ.

*

"ಇಲ್ಲೇ ಮಾವಿನ ಗಿಡದ ಬಾಜುಕ ಮಣ್ಣು ಕೊಡ್ರಿ ಅಂತಿದ್ದ ವೈನಿ," ಬಾಷುಮಿಯಾ ಹೇಳಿದ. "ಆ ಗಿಡ ಅಣ್ಣ ಹಚ್ಚಿದ್ದು."

ಬಂಗಲೆಯನ್ನು ಲೀಜಿಗೆ ಕೊಟ್ಟಿದ್ದ ಇಲಾಖೆಯ ಕಚೇರಿಯಿಂದ ಬಂದಿದ್ದ ಚಂದ್ರಕಲಾ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಿದ್ದಳು. "ನನಗೂ ಸಂಕಟ ಆಗ್ತದ್ರಿ. ಆದ್ರ ಕರಾರಿನಾಗ ಅದಕ್ಕ ಅವಕಾಶ ಇಲ್ಲ. ಲೀಜು ಅವರ ಹೆಸರಿನಾಗಷ್ಟ ಇತ್ತು. ಇವತ್ತ ಮನಿ ಮುಚ್ಚಿ ಚಾವಿ ತಗೊಂಡು ಹೋಗಬೇಕು."

"ಇಪ್ಪತ್ತೊಂದು ವರ್ಷ ಕಾದಾನ, ಆರು ಅಡಿ ಜಾಗ ಇಲ್ಲೇನ್ರಿ?" ಸಂಗಣ್ಣ ದನಿ ಏರಿಸಿದ.

ಕಸ್ತೂರಿ ಅವನ ತೋಳು ಹಿಡಿದಳು. ಬಾಷುಮಿಯಾನ ಕಡೆ ತಿರುಗಿ ಕೇಳಿದಳು, "ಇಷ್ಟ ಖೋಲಿಯೊಳಗ ಯಾವುದರಾಗ ಮಲಗ್ತಿದ್ದ?"

ಬಾಷುಮಿಯಾ ಹಿತ್ತಲಿಗೆ ಕರೆದೊಯ್ದ. ಹಿಂದೆ ಕುದುರೆ ಕಾಯುವವ ಇರುತ್ತಿದ್ದ ಸಣ್ಣ ಖೋಲಿ. ಒಂದು ಚಾಪೆ, ಒಂದು ಸ್ಟೋವು, ಒಂದೇ ತಟ್ಟೆ.

"ಬಂಗ್ಲೇದಾಗ ಯಾಕ ಮಲಗಲ್ಲ ಅಂತ ಕೇಳಿದ್ರ, ಒಬ್ಬವನಿಗಿ ಅಲ್ಲಿ ನಿದ್ದಿ ಹತ್ತಲ್ಲ ಅಂತಿದ್ದ ನೋಡ್ರಿ."

ಕಸ್ತೂರಿ ಆ ತಟ್ಟೆಯನ್ನೇ ನೋಡುತ್ತ ನಿಂತಳು. "ಅಂವಗೂ ನಿದ್ದಿ ಹತ್ತಿಲ್ಲೇನು," ಅಂದಳು.  ಸೆರಗು ಬಾಯಿಗೆ ಒತ್ತಿ ಚಾಪೆಯ ಮೇಲೆ ಕುಸಿದು ಕೂತಳು. ಬಾಷುಮಿಯಾ ಹೊರಗೆ ಹೋಗಿ ನಿಂತ.

ಅವಳು ಎದ್ದು ಬಂದಾಗ ಮಾತು ಗಟ್ಟಿಯಾಗಿತ್ತು. "ಸಂಗಣ್ಣ, ಹೊಲದಾಗ ನಮ್ಮಪ್ಪನ ಬಾಜುಕ ಕುಣಿ ತೋಡ್ಲಾಕ ಫೋನ್ ಹಚ್ಚು. ನನ್ನ ಮನಿಗಿ ಕರ್ಕೊಂಡು ಹೋಗ್ತೀನಿ."

ಹಂಪಣ್ಣನನ್ನು ಟ್ರ್ಯಾಕ್ಟರಿಗೆ ಏರಿಸಿ, ಬೀಳದಂತೆ ಕಟ್ಟಿದರು. ಚಂದ್ರಕಲಾ ಕಿಟಕಿ ಮುಚ್ಚಲು ಒಳಗೆ ಹೊರಟಳು.

"ನೀವು ಇರ್ರಿ," ಎಂದು ಕಸ್ತೂರಿ ತಾನೇ ಹೋದಳು.

ಮಹಡಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಆಮೇಲೆ ಕೆಳಗಿನವು. ಸಂಗಣ್ಣ ಇಂಜಿನ್ ಚಾಲೂ ಮಾಡಿದವನು ಮತ್ತೆ ಆರಿಸಿದ. ಕೊನೆಯ ಕಿಟಕಿಯ ಬಾಗಿಲು ಹೊರಗೋಡೆಯವರೆಗೆ ತೆರೆದುಕೊಂಡಿತ್ತು. ಅವಳ ಕೈ ಅದಕ್ಕೆ ಎಟುಕಲಿಲ್ಲ. ಬಾಷುಮಿಯಾ ಹೋಗಿ ಹೊರಗಿನಿಂದ ಮೆಲ್ಲಗೆ ದೂಡಿದ. ಸಂದಿಯಲ್ಲಿ ಅವಳ ಮುಖ ಅರ್ಧ ಕಂಡಿತು, ಮತ್ತೆ ಬೆರಳುಗಳಷ್ಟೇ ಕಂಡವು.

ಒಳಗೆ ಚಿಲಕ ಬಿದ್ದ ಸದ್ದಾಯಿತು. ಅವಳು ಬಾಗಿಲಿಗೆ ಬರಲು ಬಹಳ ಹೊತ್ತು ಹಿಡಿಯಿತು.